ದವಾದ ಆಯಿಯ ಮೂಗು

ಆಕೆಯ ಮೂಗು ಮುಖಕ್ಕೆ ದೊಡ್ಡದಾಗಿತ್ತು. ಬುಡದಲ್ಲಿ ಅಗಲ, ತುದಿಯಲ್ಲಿ ಸ್ವಲ್ಪ ಕೆಳಬಾಗು. ಎಡಹೊಳ್ಳೆಯ ಮೇಲೆ ಎಂದೋ ತೆಗೆದಿಟ್ಟ ನತ್ತಿನ ತೂತು ಎಳ್ಳುಕಾಳಿನಷ್ಟು ಕಪ್ಪಾಗಿ ಉಳಿದಿತ್ತು. ಏನನ್ನಾದರೂ ಮೂಸುವಾಗ ಆಕೆ ಕಣ್ಣು ಮುಚ್ಚುತ್ತಿದ್ದಳು. ಹೊಳ್ಳೆಗಳು ಕುದುರೆಯವುಗಳ ಹಾಗೆ ಅರಳಿ, ಅರೆಗಳಿಗೆ ಅಲ್ಲೇ ನಿಂತು, ಮೆಲ್ಲಗೆ ಕೂಡಿಕೊಳ್ಳುತ್ತಿದ್ದವು. ಎದುರು ಕೂತವರು ಅಷ್ಟು ಹೊತ್ತು ಕೆಮ್ಮು ಬಂದರೂ ಹಿಡಿದುಕೊಳ್ಳುತ್ತಿದ್ದರು. ಕಣ್ಣು ತೆರೆದ ಮೇಲೆ ಆಕೆ ಹೇಳುವುದು ಎರಡರಲ್ಲಿ ಒಂದು ಮಾತು: "ಹೂಂ", ಇಲ್ಲವೆ "ಒಯ್ಯಿ". ಒಯ್ಯಿ ಎಂದರೆ ತಂದದ್ದನ್ನು ತಂದವರೇ ತಿರುಗಿ ಒಯ್ಯಬೇಕು.

ನಿಲಂಗಾದಲ್ಲಿ ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು ಆಕೆಯದು. ಊರೆಲ್ಲ ಆಕೆಯನ್ನು ದವಾದ ಆಯಿ ಎನ್ನುತ್ತಿತ್ತು. ಔಷಧಕ್ಕೆ ದವಾ ಎಂಬುದು ಕಚೇರಿಯ ಉರ್ದು, ತಾಯಿಗೆ ಆಯಿ ಎಂಬುದು ಪೇಟೆಯ ಮರಾಠಿ, ಎರಡನ್ನೂ ಹೊಲಿದದ್ದು ನಮ್ಮ ಮನೆಯೊಳಗಿನ ಕನ್ನಡ. ನಿಜಾಮರ ಮೊಗಲಾಯಿ ಸೀಮೆಯಲ್ಲಿ ಹುಟ್ಟಿದ ನಮಗೆ ಇದೇನೂ ವಿಶೇಷವಲ್ಲ. ಗಂಡ ಸಣ್ಣ ವಯಸ್ಸಿನಲ್ಲೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮಾವ ವೈದ್ಯರು. ಸೊಸೆಗೆ ಓದು ಬಾರದೆಂದು ಅವರು ಎಲ್ಲವನ್ನೂ ಮೂಗಿಗೆ, ನಾಲಗೆಗೆ, ಕಿವಿಗೆ ಕಲಿಸಿ ಹೋಗಿದ್ದರು.

ನಾಡಿ ನೋಡುವುದು, ಜ್ವರ ಬಿಡಿಸುವುದು ಆಕೆಯ ಕೆಲಸವಲ್ಲ. ಅದನ್ನು ಬೇರೆಯವರು ಮಾಡಬೇಕು. ಆಕೆ ಮಾಡುತ್ತಿದ್ದದ್ದು ಕಾಹಿಲೆ ಬಿಟ್ಟ ಮೇಲೆ ಮೈಗೆ ಬಲ ತರುವ ಔಷಧ. ಬಾಣಂತಿಯರಿಗೆ ಶತಾವರಿಯ ಲೇಹ್ಯ, ಎದೆ ಸೋತವರಿಗೆ ನೆಲ್ಲಿಕಾಯಿಯದು, ಉಂಡದ್ದು ಮೈಗೆ ಹತ್ತದವರಿಗೆ ಒಣದ್ರಾಕ್ಷಿಯ ಅರಿಷ್ಟ. ಅರಿಷ್ಟವನ್ನು ಮಡಿಕೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ, ಜೋಳದ ಹೊಟ್ಟಿನೊಳಗೆ ತಿಂಗಳೊಪ್ಪತ್ತು ಹುಗಿದಿಡುತ್ತಿದ್ದಳು. ದಿನ ಬಂದಾಗ ಹೊಟ್ಟು ಸರಿಸಿ ಮಡಿಕೆಗೆ ಕಿವಿ ಹಚ್ಚುತ್ತಿದ್ದಳು. ಒಳಗೆ ಸಣ್ಣಗೆ ಗುಜುಗುಜು ಕೇಳಿದರೆ ಇನ್ನೂ ಆಗಿಲ್ಲ. ಸದ್ದು ನಿಂತಿದ್ದರೆ ಮುಚ್ಚಳ ತೆಗೆದು ಉರಿಯುವ ಬತ್ತಿಯೊಂದನ್ನು ಕಡ್ಡಿಗೆ ಸಿಕ್ಕಿಸಿ ಒಳಗಿಳಿಸುವುದು. ಬತ್ತಿ ಆರಿದರೆ ಮತ್ತೆ ಮುಚ್ಚುವುದು, ಉರಿದರೆ ಸೋಸುವುದು. ಬತ್ತಿ ಯಾಕೆ ಆರುತ್ತದೆಂದು ನನಗೆ ಮುಂದೆ ಹೈದರಾಬಾದಿನಲ್ಲಿ ರಸಾಯನಶಾಸ್ತ್ರದ ಮಾಸ್ತರರು ಹೇಳಿಕೊಟ್ಟರು. ಬೇಸಿಗೆಯ ಸೂಟಿಗೆ ಬಂದಾಗ ದೊಡ್ಡ ಸಂಗತಿಯೆಂಬಂತೆ ಆಕೆಗೆ ವಿವರಿಸಿದೆ. "ಹೌದಾ? ಆ ಗಾಳಿಗಿ ಹೆಸರೂ ಇಟ್ಟಾರ?" ಎಂದು ಕೇಳಿ ತನ್ನ ಪಾಡಿಗೆ ತಾನು ಸೋಸತೊಡಗಿದಳು.

ಅರಿಷ್ಟಕ್ಕೆ ಕಿವಿ, ಕಣ್ಣು ಸಾಕು. ಲೇಹ್ಯಕ್ಕೆ ಮೂಗು ಬೇಕು. ಅದರಲ್ಲಿ ತುಪ್ಪ ಬೀಳುತ್ತದೆ, ಜೇನು ಬೀಳುತ್ತದೆ. ತುಪ್ಪ ಒಂದಿಷ್ಟು ಕಮಟಾಗಿದ್ದರೂ ಇಡೀ ಭರಣಿ ಕೆಡುತ್ತದೆ. ಸುತ್ತಲ ಹಳ್ಳಿಗಳಿಂದ ತುಪ್ಪ ತರುವ ಹೆಂಗಸರು ಸಂತೆಯ ದಿನ ಆಕೆಯ ಕಟ್ಟೆಯ ಮೇಲೆ ಕೂತು ತಮ್ಮ ಸರದಿ ಕಾಯುತ್ತಿದ್ದರು. ಬಿಸಿ ಮಾಡಿ ವಾಸನೆ ಅಡಗಿಸಿದ್ದು, ಹಳೆಯದರ ಮೇಲೆ ಹೊಸದನ್ನು ಸುರಿದದ್ದು, ಎಮ್ಮೆಯದನ್ನು ಆಕಳಿನದೆಂದದ್ದು, ಯಾವುದೂ ಆ ಮೂಗನ್ನು ದಾಟುತ್ತಿರಲಿಲ್ಲ. ಆಕೆ ಒಯ್ಯಿ ಎಂದ ತುಪ್ಪ ಆ ದಿನ ಪೇಟೆಯಲ್ಲೂ ಹೋಗುತ್ತಿರಲಿಲ್ಲ.

ಇಷ್ಟು ಕಟ್ಟುನಿಟ್ಟಿಗೆ ಒಂದು ಕಾರಣವಿತ್ತು. ಲೇಹ್ಯ ಆರಿದ ಮೇಲೆ ಆಕೆ ಮಿಂದು ಬಂದು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಮೊದಲ ತುತ್ತನ್ನು ಅದಕ್ಕೆ ತೋರಿಸುತ್ತಿದ್ದಳು. ಅಲ್ಲಿಂದ ಮುಂದೆ ಅದು ಔಷಧವಲ್ಲ, ಪ್ರಸಾದ. ಪ್ರಸಾದವನ್ನು ಚೆಲ್ಲುವ ಹಾಗಿಲ್ಲ, ರುಚಿಯಿಲ್ಲ ಎನ್ನುವ ಹಾಗಿಲ್ಲ, ಉಳಿಸಿ ಹಳಸಿಸುವ ಹಾಗಿಲ್ಲ. ಆದ್ದರಿಂದ ಏನೇ ತಪಾಸಣೆಯಿದ್ದರೂ ತೋರಿಸುವುದಕ್ಕೆ ಮೊದಲೇ ಆಗಬೇಕು. ಆದ್ದರಿಂದಲೇ ಹತ್ತು ಮಂದಿ ಕೇಳಿದರೆ ಹತ್ತು ಮಂದಿಗಾಗುವಷ್ಟೇ ಮಾಡುವುದು. ದೊಡ್ಡ ಹಂಡೆಯಲ್ಲಿ ಕಾಸಿ ಕೊಡು, ಉದಗೀರದ ಪೇಟೆಯಲ್ಲಿ ಮಾರುತ್ತೇನೆ ಎಂದು ಬಂದ ಕಿರಾಣಿ ಸಾಹುಕಾರನಿಗೆ ಆಕೆ ಕೂಡಲು ಮಣೆಯನ್ನೂ ಕೊಡಲಿಲ್ಲ. ಎಷ್ಟು ಅಳೆದು ಮಾಡಿದರೂ ಒಮ್ಮೊಮ್ಮೆ ಉಳಿಯುತ್ತಿತ್ತು. ಉಳಿದದ್ದನ್ನು ತಾನೇ ತಿನ್ನುತ್ತಿದ್ದಳು. ಈ ವಯಸ್ಸಿನಲ್ಲಿ ಬಾಣಂತಿಯ ಲೇಹ್ಯ ತಿಂದು ಏನಾಗಬೇಕಾಗಿದೆ ಎಂದು ನನ್ನ ತಾಯಿ ನಗಾಡಿದರೆ, ಬಾಣಂತಿ ಆಗೋದೊಂದು ಉಳದದ, ಅದೂ ಆಗಲಿ ಎಂದು ಆಕೆಯೂ ನಗುತ್ತಿದ್ದಳು.

ತಹಶೀಲದಾರರ ಮನೆಯಿಂದ ಒಮ್ಮೆ ಜವಾನ ಬಂದಿದ್ದ. ಸಾಹೇಬರ ಹೆಂಡತಿ ಹೆತ್ತಿದ್ದರು, ಲೇಹ್ಯ ಇಂದೇ ಬೇಕಿತ್ತು. ಆಯಿ ಆ ದಿನ ಬಂದ ತುಪ್ಪವನ್ನೆಲ್ಲ ತಿರುಗಿ ಕಳಿಸಿ ಬರಿಗೈಯಲ್ಲಿ ಕೂತಿದ್ದಳು. ಜವಾನ ಮೊದಲು ಬೇಡಿಕೊಂಡ, ಆಮೇಲೆ ಎದೆಯ ಬಿಲ್ಲೆ ಮುಟ್ಟಿಕೊಂಡು ದನಿ ಏರಿಸಿದ, ಸಾಹೇಬರು ನಾರಾಜ್ ಆಗುತ್ತಾರೆ ಎಂದ. "ನಾರಾಜಿಗೂ ನನ್ನ ಹಂತೇಲಿ ದವಾ ಅದ," ಎಂದಳು ಆಯಿ, "ಆದ್ರ ಅದೂ ಇವತ್ತ ತಾಜಾ ಇಲ್ಲ. ಬರೋ ಸ್ವಾಮಾರ ಬಾ." ಸೋಮವಾರ ಸಾಹೇಬರ ಟಾಂಗಾ ತಾನಾಗಿ ನಮ್ಮ ಓಣಿಗೆ ಬಂತು.

ನಾನು ಆಕೆಯ ಋಣದಲ್ಲಿ ಬಿದ್ದದ್ದು ಹೀಗೆ. ನಮ್ಮದು ಒಕ್ಕಲುತನದ ಮನೆ. ಅಕ್ಷರ ಬಲ್ಲವರು ಒಬ್ಬರೂ ಇರಲಿಲ್ಲ. ಹತ್ತು ವರ್ಷಕ್ಕೆ ನನ್ನ ಎದೆ ಗೂಡು ಕಟ್ಟಿದಂತಿತ್ತು. ಮಳೆಗಾಲ ಬಂದರೆ ಉಸಿರು ಶಿಳ್ಳೆ ಹಾಕುತ್ತಿತ್ತು. ಎರಡು ಚಳಿಗಾಲ ಆಯಿಯ ಲೇಹ್ಯ ತಿಂದು ಮೈ ಕೂಡಿಕೊಂಡಾಗ ನನ್ನಪ್ಪ ಇನ್ನು ಇವನನ್ನು ಹೊಲಕ್ಕೆ ಹಚ್ಚಬಹುದೇ ಎಂದು ಕೇಳಲು ಹೋದ. ನಾನೂ ಜೊತೆಗಿದ್ದೆ. "ಇವನ ಎದಿ ನೇಗಲಕ್ಕ ಆಗಂಗಿಲ್ಲ," ಎಂದಳು. "ಹೊಲದಾಗ ನಿಲ್ಲಿಸಿದ್ರ ಬೆದರುಗೊಂಬಿ ಆಗ್ತಾನ, ಹಕ್ಕಿ ಓಡಸ್ಲಾಕ ಛಲೋ. ಶಾಳಿಗಿ ಕಳಸು." ಅಪ್ಪ ಕಳಿಸಿದ. ನಿಲಂಗಾದಲ್ಲಿ ಆದಷ್ಟು ಓದಿ, ಉದಗೀರದಲ್ಲಿ ಸಂಬಂಧಿಕರ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿದ್ದು ಓದಿ, ಆಮೇಲೆ ಹೈದರಾಬಾದಿಗೆ ಹೋದೆ. ಉರ್ದುವಿನಲ್ಲಿ ಪಾಠ, ಇಂಗ್ಲಿಷಿನಲ್ಲಿ ಪರೀಕ್ಷೆ, ಕನಸು ಕನ್ನಡದಲ್ಲಿ. ಎರಡು ಸಲ ನಪಾಸಾಗಿ ಮೂರನೆಯ ಸಲ ಬಿ.ಎ. ಆದೆ. ನಮ್ಮ ಮನೆತನದಲ್ಲಿ ಮೊದಲನೆಯವನು, ನಮ್ಮ ಓಣಿಯಲ್ಲಿಯೂ ಮೊದಲನೆಯವನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾನು ಅದಕ್ಕೆ ಪಟ್ಟ ಪಾಡು ನನಗೆ ಗೊತ್ತು.

ಹೈದರಾಬಾದಿಗೆ ಮಾತ್ರ ಆಯಿ ಲೇಹ್ಯ ಕಳಿಸಲಿಲ್ಲ. ಕೇಳಿದರೆ, ಅಷ್ಟು ದೂರ ಹೋಗುವಷ್ಟರಲ್ಲಿ ಅದು ಔಷಧವಾಗಿ ಉಳಿಯುವುದಿಲ್ಲ, ಬರೀ ಬೆಲ್ಲವಾಗುತ್ತದೆ, ಸೂಟಿಗೆ ಬಾ, ಇಲ್ಲೇ ತಿನ್ನು ಎನ್ನುತ್ತಿದ್ದಳು. ಸೂಟಿಗೆ ಬಂದ ದಿನವೇ ಭರಣಿ ಸಿದ್ಧವಿರುತ್ತಿತ್ತು.

ಮೊದಲಿನ ದೊಡ್ಡ ಯುದ್ಧ ಮುಗಿಯುವ ಹೊತ್ತಿಗೆ, ದೇಶವನ್ನೆಲ್ಲ ಗುಡಿಸಿಹಾಕಿದ ಆ ಜ್ವರ ಬಂತು. ಅದನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿ ಉಪಯೋಗವಿಲ್ಲ. ನಾನು ಆಗ ಊರಲ್ಲಿರಲಿಲ್ಲ. ಒಂದು ಮನೆಯ ಹೆಣ ಹೊತ್ತು ಬಂದವರು ಇನ್ನೊಂದು ಮನೆಗೆ ಹೋಗುತ್ತಿದ್ದರೆಂದು ಆಮೇಲೆ ಕೇಳಿದೆ. ಉಮರ್ಗಾದಲ್ಲಿದ್ದ ನನ್ನ ಅತ್ತೆ, ಹೆಂಡತಿಯ ತಾಯಿ, ಮೂರೇ ದಿನದಲ್ಲಿ ಹೋದಳು. ಆಯಿ ಮನೆಮನೆಗೆ ಗಂಜಿ, ಕಷಾಯ ಹೊತ್ತು ತಿರುಗಿ ಕೊನೆಗೆ ತಾನೂ ಬಿದ್ದಳು. ಹದಿನೈದು ದಿನ ಮಲಗಿ ಎದ್ದಳು. ಎದ್ದದ್ದೇ ದೊಡ್ಡದೆಂದು ಊರು ಸಮಾಧಾನಪಟ್ಟುಕೊಂಡಿತು. ಆಕೆಯ ಮೈಯಿಂದ ಆ ಜ್ವರ ಏನನ್ನು ಕಿತ್ತುಕೊಂಡು ಹೋಯಿತೆಂದು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಬಿ.ಎ. ಮುಗಿಸಿ ನಾನು ನಿಲಂಗಾದ ಶಾಲೆಗೇ ಮಾಸ್ತರನಾಗಿ ಬಂದೆ. ಬಂದ ಹೊಸತರಲ್ಲಿ ಸಂತೆಯಲ್ಲಿ ತುಪ್ಪ ಮಾರುವ ಹೆಂಗಸೊಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಆಯಿ ಈಗ ಮೊದಲಿನ ಹಾಗಿಲ್ಲ, ಮೆತ್ತಗಾಗಿದ್ದಾರೆ, ಏನು ಒಯ್ದರೂ ಹೂಂ ಅನ್ನುತ್ತಾರೆ ಎಂದು. ವಯಸ್ಸಾಯಿತಲ್ಲ, ಮನಸ್ಸು ಕರಗಿದೆ ಎಂದುಕೊಂಡೆ. ಓದಿದವನ ತಲೆಗೆ ಅದಕ್ಕಿಂತ ಹೆಚ್ಚಿನದು ಹೊಳೆಯಲಿಲ್ಲ.

ಮರುವರ್ಷ ನನ್ನ ಹೆಂಡತಿ ಹೆತ್ತಳು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ನಮ್ಮಲ್ಲೇ. ಹೆಣ್ಣು ಕೂಸು. ಹೆರಿಗೆ ಕಷ್ಟದ್ದಾಗಿ ಆಕೆ ಬಹಳ ಇಳಿದುಹೋಗಿದ್ದಳು, ಎದ್ದು ಕೂತರೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಹದಿಮೂರನೆಯ ದಿನ ಆಯಿ ತಾನೇ ಬೋಗುಣಿ ಹಿಡಿದು ಬಂದಳು. ನನ್ನ ತಾಯಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡಳು. ಹೆಂಡತಿ ಒಂದು ತುತ್ತು ಬಾಯಿಗಿಟ್ಟಳು, ನುಂಗಿದಳು, ನನ್ನ ಕಡೆ ನೋಡಿದಳು. ಆಯಿ ಹೋದ ಮೇಲೆ ಮೆಲ್ಲಗೆ, ಹಳೆ ದೀಪದ ಎಣ್ಣೆ ತಿಂದಂಗ ಆತು ಎಂದಳು. ನಾನು ಬೋಗುಣಿಯನ್ನು ಮೂಗಿನ ಹತ್ತಿರ ತಂದೆ. ತರಬೇಕಾಗಿಯೇ ಇರಲಿಲ್ಲ, ಅಷ್ಟು ದೂರದಿಂದಲೇ ಕಮಟು ವಾಸನೆ ಬಡಿಯಿತು.

ಮರುದಿನ ಶಾಲೆ ಬಿಟ್ಟ ಮೇಲೆ ಆಯಿಯ ಮನೆಗೆ ಹೋದೆ. ಹೇಗೆ ಮಾತು ತೆಗೆಯಲಿ ಎಂದು ನಿಂತಿರುವಾಗಲೇ ಆಕೆ ಯಾರಿಗೋ ಕೊಡಲು ಭರಣಿಯ ಮುಚ್ಚಳ ತೆಗೆದಳು. ಎಂದಿನಂತೆ ಕಣ್ಣು ಮುಚ್ಚಿದಳು. ಹೊಳ್ಳೆಗಳು ಅರಳಿದವು, ನಿಂತವು, ಕೂಡಿಕೊಂಡವು. ನಾನು ಬಾಗಿಲಲ್ಲಿ ನಿಂತಿದ್ದೆ. ಅಲ್ಲಿಗೂ ಆ ವಾಸನೆ ಬಂತು. ಆಕೆ ಕಣ್ಣು ತೆರೆದು ಹೂಂ ಎಂದಳು.

ಆಗ ತಿಳಿಯಿತು. ಜ್ವರ ಮೂಗನ್ನು ಮುಖದ ಮೇಲೆ ಬಿಟ್ಟು ವಾಸನೆಯನ್ನು ಒಯ್ದಿತ್ತು. ಆಕೆ ಮಾಡುತ್ತಿದ್ದುದು ಬರೀ ಅಭ್ಯಾಸ. ಅರಿಷ್ಟಗಳು ಮೊದಲಿನಂತೆಯೇ ಚೆನ್ನಾಗಿದ್ದವು, ಕಿವಿಯೂ ಬತ್ತಿಯೂ ಸುಳ್ಳು ಹೇಳುವುದಿಲ್ಲ. ಲೇಹ್ಯ ಮಾತ್ರ ಆ ಜ್ವರ ಬಿಟ್ಟಂದಿನಿಂದ ಕೆಟ್ಟ ತುಪ್ಪದಲ್ಲಿ ಬೇಯುತ್ತಿತ್ತು. ತಿಂದವರಿಗೆಲ್ಲ ಅದು ಗೊತ್ತಿತ್ತು. ಆದರೆ ಲಿಂಗಕ್ಕೆ ತೋರಿಸಿದ್ದನ್ನು ಕೆಟ್ಟಿದೆ ಎನ್ನುವ ನಾಲಗೆ ಊರಲ್ಲಿ ಯಾರಿಗಿತ್ತು? ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದರು. ವಾಂತಿ ಬಂದರೆ ತಮ್ಮ ಭಕ್ತಿಯಲ್ಲೇ ಕೊರತೆಯೆಂದು ಮತ್ತೊಂದು ತುತ್ತು ತಿನ್ನುತ್ತಿದ್ದರು. ಓಣಿಯ ತುದಿಯ ಪಿಂಜಾರ ಚಾಚಾ ಮುಸಲ್ಮಾನ, ಅವನಿಗೆ ಲಿಂಗದ ಕಟ್ಟಿಲ್ಲ, ಅವನೂ ಸುಮ್ಮನಿದ್ದ. ಜ್ವರದಲ್ಲಿ ಅವನ ಮೊಮ್ಮಗನನ್ನು ಉಳಿಸಿದ್ದು ಆಕೆಯ ಗಂಜಿ.

ನಾನು ನೇರ ಮಾತಿನವನು ಎಂದು ಹೆಸರು ಪಡೆದವನು. ಶಾಲೆ ತಪಾಸಣೆಗೆ ಬಂದ ಅಧಿಕಾರಿಗೆ ಮಕ್ಕಳ ಮುಂದೆಯೇ ನಿಮ್ಮ ಲೆಕ್ಕ ತಪ್ಪು ಎಂದು ಹೇಳಿದ್ದೆ. ಮದುವೆಯಲ್ಲಿ ಬೀಗರಿಗೆ ಅವರ ಮುಖದ ಮೇಲೆ ಹೇಳಬೇಕಾದ್ದನ್ನು ಹೇಳಿದ್ದೆ. ಈ ಒಂದು ಮಾತನ್ನು ಹೇಳಲು ಮೂರು ವಾರ ನನ್ನಿಂದ ಆಗಲಿಲ್ಲ. ಶಾಲೆಯಿಂದ ಬರುವಾಗ ಆಕೆಯ ಬಾಗಿಲು ಸಮೀಪಿಸಿದರೆ ಕಾಲು ಆಚೆ ಬದಿಗೆ ಸರಿಯುತ್ತಿತ್ತು. ಒಂದು ದಿನ ಸುಳ್ಳು ಹೇಳಿ ನೋಡಿದೆ. ಈ ವರ್ಷ ತುಪ್ಪದಲ್ಲಿ ಕಲಬೆರಕೆ ಬಹಳವಂತೆ, ಸ್ವಲ್ಪ ದಿನ ಲೇಹ್ಯ ನಿಲ್ಲಿಸಿದರೆ ಹೇಗೆ ಎಂದೆ. "ನಿಲ್ಲಸ್ತೀನಿ, ನಿಮ್ಮ ಊರ ಹೆಂಗಸರಿಗಿ ಹೆರೋದು ನಿಲ್ಲಸಲಾಕ ಹೇಳು," ಎಂದಳು. ನಕ್ಕು ಬಂದೆ.

ಇತ್ತ ಹೆಂಡತಿಗೆ ಹೊಟ್ಟೆ ಕೆಟ್ಟಿತು. ತಿಂದದ್ದು ನಿಲ್ಲದು. ಎದೆಹಾಲು ಇಂಗುತ್ತ ಬಂತು, ಕೂಸು ಕಿರುಚಿ ಕಿರುಚಿ ದನಿ ಕಳೆದುಕೊಂಡಿತು. ಲೇಹ್ಯ ಬಿಡು ಎಂದು ನಾನು ಎಷ್ಟು ಹೇಳಿದರೂ ಬಿಡಲಿಲ್ಲ. ಬಿಟ್ಟರೆ ಕೂಸಿಗೆ ಏನಾದರೂ ಆದೀತೆಂಬ ಭಯ. ನನ್ನ ತಾಯಿ ನನ್ನನ್ನೇ ಬೈದಳು, ನಾಕು ಬುಕ್ಕು ಓದಿದ ಕೂಡಲೆ ಪ್ರಸಾದಕ್ಕೆ ಹೆಸರಿಡುತ್ತೀಯಾ ಎಂದು. ಕೊನೆಗೆ ಒಂದು ಮುಂಜಾನೆ ಬೋಗುಣಿ ಎತ್ತಿಕೊಂಡು ಹಿತ್ತಿಲಿಗೆ ಹೋದೆ, ಸುರಿದುಬಿಡೋಣವೆಂದು. ಗೊಬ್ಬರದ ಗುಂಡಿಯ ದಂಡೆಯಲ್ಲಿ ನಿಂತೆ. ಕೈ ಬಗ್ಗಲಿಲ್ಲ. ಬಿ.ಎ. ಆದವನ ಕೈ. ತಿರುಗಿ ಬಂದು ಅದನ್ನು ಜಂತಿಯ ಮೇಲೆ ಹಿಂದಕ್ಕೆ ಸರಿಸಿಟ್ಟು, ಮನೆಯವರಿಗೆ ಮುಗಿಯಿತೆಂದು ಹೇಳಿದೆ. ಸಂಜೆ ನನ್ನ ತಾಯಿ ಆಯಿಯಿಂದ ಇನ್ನೊಂದು ಬೋಗುಣಿ ತಂದಳು.

ಅದನ್ನು ಕಂಡ ಕೂಡಲೇ ನಡೆದುಕೊಂಡು ನೆಟ್ಟಗೆ ಆಯಿಯ ಮನೆಗೆ ಹೋದೆ. ಇನ್ನೂ ಬೆಳಕಿತ್ತು. ಆಕೆ ಪಡಸಾಲೆಯಲ್ಲಿ ಕೂತು ನೆಲ್ಲಿಕಾಯಿಯ ನಾರು ತೆಗೆಯುತ್ತಿದ್ದಳು.

"ಆಯಿ, ತುಪ್ಪ ಕೆಟ್ಟದ," ಎಂದೆ.

ಆಕೆ ಕೈ ಒರೆಸಿಕೊಂಡು ಪಕ್ಕದ ತಂಬಿಗೆಯನ್ನು ಎತ್ತಿ ಮೂಸಿದಳು. "ಇಲ್ಲಲ್ಲೋ. ಹೊಸಾದೇ ಅದ."

"ನಿನಗ ವಾಸನಿ ಬರಂಗಿಲ್ಲ ಆಯಿ."

ಆಕೆ ತಂಬಿಗೆಯನ್ನು ಕೆಳಗಿಟ್ಟಳು. ಅದರ ಬಾಯಿಯ ಸುತ್ತ ಬೆರಳಾಡಿಸಿದಳು. ಇಲ್ಲ ಎನ್ನಲಿಲ್ಲ. ಐವತ್ತು ವರ್ಷ ಜೊತೆಗಿದ್ದದ್ದು, ಎಲ್ಲಿ ಹೋಗುತ್ತದೆ, ಇಂದಲ್ಲ ನಾಳೆ ತಿರುಗಿ ಬರುತ್ತದೆ ಎಂದು ಕಾದೆ ಎಂದಳು. ಅಲ್ಲಿಯವರೆಗೆ ಬಣ್ಣ ನೋಡಿ, ಬೆರಳಲ್ಲಿ ತಿಕ್ಕಿ ತುಪ್ಪ ತೆಗೆದುಕೊಂಡರೆ ಸಾಕೆಂದುಕೊಂಡಿದ್ದಳಂತೆ. ಜ್ವರ ಬಿಟ್ಟ ಮೇಲೆ ನಾಲಗೆಗೂ ಉಪ್ಪು, ಸಿಹಿ ಬಿಟ್ಟು ಏನೂ ತಿಳಿಯುತ್ತಿರಲಿಲ್ಲವಂತೆ. ಆಮೇಲೆ ಕೇಳಿದಳು:

"ಯಾರ‍್ಯಾರಿಗಿ ಗೊತ್ತದ?"

ಇಲ್ಲಿ ನಾನು ಸುಳ್ಳು ಹೇಳಬಹುದಿತ್ತು. ನನಗಷ್ಟೇ ಎನ್ನಬಹುದಿತ್ತು. ಮೂರು ವಾರ ಕಟ್ಟಿಟ್ಟ ಮಾತು ಒಡೆದಿತ್ತು, ಹಿಡಿಯಲು ಬರಲಿಲ್ಲ. "ತಿಂದೋರಿಗೆಲ್ಲ ಗೊತ್ತದ. ಪ್ರಸಾದ ಅಂತ ಸುಮ್ಮನ ನುಂಗ್ತಾರ," ಎಂದೆ.

"ಇಷ್ಟು ಮಂದ್ಯಾಗ ಒಬ್ಬರಾರ ಹೇಳಬಾರದಾ?" ಎಂದಳು. ಅದು ಸಿಟ್ಟಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಒಂದು ನೆಲ್ಲಿಕಾಯಿ ಕೈಗೆತ್ತಿಕೊಂಡು, "ನಿನಗ ಯಾವಾಗ ತಿಳೀತು?"

"ಮೂರು ವಾರ ಆತು."

"ಮೂರು ವಾರ," ಎಂದಳು. ಆ ಎರಡು ಪದಗಳಷ್ಟೇ. ಅವುಗಳನ್ನು ನಾನು ಎಷ್ಟು ವರ್ಷ ಹೊತ್ತು ತಿರುಗಿದ್ದೇನೆಂದು ಹೇಳಲಾರೆ.

ಮರುದಿನ ಮುಂಜಾನೆ ಆಕೆ ಒಂದು ಹಿತ್ತಾಳೆಯ ಕೊಳಗ ಹಿಡಿದು ಮನೆಮನೆಗೆ ಹೊರಟಳು. ಕೊಟ್ಟದ್ದನ್ನು ತಿರುಗಿ ಕೊಡಿ ಎಂದು ಕೇಳುವುದು. ಊರು ಅಂಥದ್ದನ್ನು ಕಂಡಿರಲಿಲ್ಲ. ನಾನು ಹಿಂದೆ ಹಿಂದೆ ಹೋದೆ, ಬೇರೆ ಏನು ಮಾಡಬೇಕೆಂದು ತೋಚದೆ. ಅರ್ಧ ಜನ, ಲೇಹ್ಯ ಮುಗಿದುಹೋಯಿತು ಆಯಿ, ಬಹಳ ಛಲೋ ಇತ್ತು ಎಂದು ಕೈ ಮುಗಿದರು. ಮುಗಿದಿರಲಿಲ್ಲ. ಒಳಗಿನಿಂದ ವಾಸನೆ ನನಗೆ ಬರುತ್ತಿತ್ತು. ನಾನು ಹಾಗೆಂದು ಹೇಳಿದರೆ ಆಕೆ ಬಾಗಿಲಲ್ಲೇ ನಿಂತು ಕೊಡುವವರೆಗೂ ಕದಲುತ್ತಿರಲಿಲ್ಲ. ಪಿಂಜಾರ ಚಾಚಾ ಬಟ್ಟಲನ್ನು ಬೆನ್ನ ಹಿಂದೆ ಹಿಡಿದುಕೊಂಡು, ನಿಮ್ಮ ಕೈಯಿಂದ ಬಂದದ್ದು ನನಗೆ ಏನೂ ಮಾಡುವುದಿಲ್ಲ ಎಂದು ವಾದಿಸಿದ. "ಚಾಚಾ, ನನ್ನ ಕೈ ಛಲೋ ಅದ. ಮೂಗು ಸತ್ತದ. ಕೊಡ್ರಿ," ಎಂದಳು. ಅವನು ಅಳುತ್ತ ಕೊಟ್ಟ. ಕೊನೆಗೆ ನಮ್ಮ ಮನೆ. ಹೊಸ ಬೋಗುಣಿ ಕೊಟ್ಟ ಮೇಲೆ ಜಂತಿಯ ಮೇಲಿದ್ದದ್ದನ್ನೂ ನಾನೇ ಇಳಿಸಿ ಕೊಟ್ಟೆ. ನನ್ನ ತಾಯಿ ನನ್ನ ಮುಖ ನೋಡಲಿಲ್ಲ.

ಕೊಳಗ ಮುಕ್ಕಾಲು ತುಂಬಿತು. ಇನ್ನೇನು ಮಾಡುತ್ತೀ ಎಂದು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಾಯಿತು.

"ಉಳದದ್ದು ಯಾರು ತಿಂತಾರ? ನಾನೇ."

ಅದು ವಿಷ ಆಯಿ ಎಂದೆ. ಕೆಟ್ಟ ಜಿಡ್ಡು ಹೊಟ್ಟೆಯಲ್ಲಿ ಏನು ಮಾಡುತ್ತದೆಂದು ಗೊತ್ತಿದ್ದಷ್ಟು ಹೇಳಿದೆ. ಮಣ್ಣಲ್ಲಿ ಹೂಳೋಣ ಎಂದೆ. ಮುಂದೆ ಯಾರಾದರೂ ತುಳಿಯುತ್ತಾರೆ ಎಂದಳು. ಹರಿಯುವ ನೀರಿಗೆ ಬಿಡೋಣ ಎಂದೆ. ಕೆಳಗಿನ ಹಳ್ಳಿಯವರು ಅದನ್ನು ಕುಡಿಯುತ್ತಾರೆ ಎಂದಳು. ತಪ್ಪು ನಿನ್ನದಲ್ಲ, ಜ್ವರದ್ದು ಎಂದೆ. "ಜ್ವರ ಲಿಂಗಕ್ಕ ತೋರಿಸಿತ್ತೇನು? ನಾ ತೋರಿಸೀನಿ," ಎಂದಳು. ನಾನು ಕಾಲು ಹಿಡಿದುಕೊಂಡೆ. ಆಕೆ ನನ್ನ ತಲೆ ಮೇಲೆ ಕೈಯಿಟ್ಟು, "ನೀ ಖರೆ ಹೇಳ್ದಿ, ಛಲೋ ಮಾಡ್ದಿ. ನಿನ್ನ ಕೆಲಸ ಆತು. ನನ್ನದು ನನಗ ಬಿಡು," ಎಂದಳು.

ಮಠದ ಅಯ್ಯನವರ ಹತ್ತಿರ ಓಡಿದೆ. ಅವರು ವಯಸ್ಸಾದ ಸಾಧು ಮನುಷ್ಯರು. ಕಣ್ಣು ಒರೆಸಿಕೊಂಡು, ನಿಷ್ಠೆಗೆ ಅಡ್ಡ ಬರಲು ನಾನು ಯಾರು ಎಂದರು. ನನ್ನ ತಾಯಿ ಸೆರಗು ಹಿಡಿದು ಬೇಡಿಕೊಂಡಳು. ಆಯಿ ಮುಂಜಾನೆ ಒಂದು ಹಿಡಿ, ಸಂಜೆ ಒಂದು ಹಿಡಿ ತಿಂದಳು. ಹನ್ನೊಂದು ದಿನ. ಆಕೆಗೆ ಅದರ ವಾಸನೆಯೂ ತಿಳಿಯದು, ರುಚಿಯೂ ತಿಳಿಯದು ಎಂಬುದು ಒಂದೇ ಸಮಾಧಾನ. ಅದನ್ನು ಸಮಾಧಾನವೆನ್ನಲು ನಾಚಿಕೆಯಾಗುತ್ತದೆ.

ನನ್ನ ಹೆಂಡತಿ ತಿಂಗಳೊಳಗೆ ಎದ್ದು ಓಡಾಡಿದಳು. ಕೂಸಿನ ಗಲ್ಲ ತುಂಬಿತು. ನಾಲ್ಕು ಬಾಗಿಲು ಆಚೆ ಆಯಿ ನೆಲ ಹಿಡಿದಳು. ಹೊಟ್ಟೆ ಹಿಡಿದದ್ದು ಬಿಡಲಿಲ್ಲ, ಬಾಯಿ ಅನ್ನ ಒಲ್ಲೆ ಎಂದಿತು, ಕೈಕಾಲು ಕಡ್ಡಿಯಾದವು. ಊರಿಗೆಲ್ಲ ಬಲ ಕೊಡುತ್ತಿದ್ದವಳಿಗೆ ಬಲ ಬರಲು ಏನಾದರೂ ಬೇಕಿತ್ತು. ಆಕೆಯ ಅರಿಷ್ಟದ ಮಡಿಕೆಗಳು ಆಗಲೇ ಖಾಲಿಯಾಗಿದ್ದವು, ಮಾಡಿಕೊಡುವವರು ಬೇರೆ ಯಾರೂ ನಮ್ಮಲ್ಲಿರಲಿಲ್ಲ. ಆಕೆ ಹೇಳಿದಂತೆ ಮಾಡಲು ನನ್ನ ತಾಯಿ ಒಮ್ಮೆ ಕೂತಳು. ಪಾಕ ಹೊತ್ತಿಹೋಯಿತು.

ಒಂದು ಶನಿವಾರ ಬಾಡಿಗೆ ಬಂಡಿಯಲ್ಲಿ ಉದಗೀರಕ್ಕೆ ಹೋದೆ. ಅಲ್ಲಿ ಔಷಧದ ಅಂಗಡಿಯೊಂದು ಹೊಸದಾಗಿ ಬಂದಿತ್ತು. ಗಾಜಿನ ಕಪಾಟು, ಸಾಲಾಗಿ ಬಾಟಲಿಗಳು, ಬಿರಡೆಯ ಮೇಲೆ ಕೆಂಪು ಅರಗು. ಶಕ್ತಿಗೆ ಇದಕ್ಕಿಂತ ಮೇಲಾದದ್ದು ಇಲ್ಲವೆಂದು ಅಂಗಡಿಯವನು ಕೊಟ್ಟದ್ದನ್ನು ತಂದೆ.

ಆಯಿ ಬಾಟಲಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಚೀಟಿ ಓದು ಎಂದಳು. ಓದಿದೆ. ಮೂರು ಭಾಷೆಯಲ್ಲಿ ಬರೆದಿತ್ತು, ಮೂರೂ ನನಗೆ ಬರುತ್ತಿದ್ದವು. ಎಷ್ಟು ರೋಗಗಳಿಗೆ ಆಗುತ್ತದೆ, ಯಾವ ಯಾವ ದೊಡ್ಡವರು ಮೆಚ್ಚಿದ್ದಾರೆ, ದಿನಕ್ಕೆ ಎಷ್ಟು ಚಮಚ, ಎಲ್ಲ ಓದಿದೆ.

"ಯಾವಾಗ ಮಾಡ್ಯಾರ ಅಂತ ಬರದಾರೇನು?"

ಹಿಂದೆ ಮುಂದೆ ಹುಡುಕಿದೆ. ಇರಲಿಲ್ಲ. ಇಲ್ಲ ಎಂದೆ.

"ಹಂಗಾರ ನೀ ಮೂಸಿ ನೋಡು. ನೀ ಹೂಂ ಅಂದ್ರ ಕುಡೀತೀನಿ."

ಅರಗು ಒಡೆದು ಬಿರಡೆ ಕಿತ್ತೆ. ಮೂಸಿದೆ. ಮದ್ಯದ ಘಾಟು, ಲವಂಗ, ಅದರ ಕೆಳಗೆ ಇನ್ನೇನೋ ಸಿಹಿ. ಅದು ಒಳ್ಳೆಯದರ ವಾಸನೆಯೋ ಕೆಟ್ಟದ್ದರ ವಾಸನೆಯೋ, ಹೋದ ತಿಂಗಳಿನದೋ ಐದು ವರ್ಷದ್ದೋ, ನನಗೆ ಏನೂ ತಿಳಿಯಲಿಲ್ಲ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂ, ಛಲೋ ಅದ," ಎಂದೆ.

ಚಮಚಕ್ಕೆ ಬಗ್ಗಿಸಿದೆ. ಲಿಂಗಕ್ಕೆ ತೋರಿಸುತ್ತಾಳೆಂದು ಕಾದೆ. ಆಕೆ ತೋರಿಸಲಿಲ್ಲ. "ಬ್ಯಾಡ. ಕೆಟ್ಟಿದ್ರ ಚೆಲ್ಲಲಾಕ ಬರ್ತದ," ಎಂದು ಬಾಯಿ ತೆರೆದಳು.

ದಿನವೂ ಶಾಲೆಗೆ ಹೋಗುವ ಮುಂಚೆ ಹೋಗಿ ಕೊಡುತ್ತಿದ್ದೆ. ದಿನವೂ ಆಕೆ ಮೂಸಲು ಹೇಳುತ್ತಿದ್ದಳು, ದಿನವೂ ಮೂಸುತ್ತಿದ್ದೆ. ಒಂಬತ್ತು ಮುಂಜಾವು ಛಲೋ ಅದ ಎಂದೆ. ಹತ್ತನೆಯ ಮುಂಜಾವು ಹೋದಾಗ ನನ್ನ ತಾಯಿ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಚಮಚ ಬೇಕಾಗಲಿಲ್ಲ.

ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅದರಲ್ಲಿದ್ದದ್ದು ಆಕೆಗೆ ಬಲ ಕೊಟ್ಟಿತೋ, ಇದ್ದ ಬಲವನ್ನೂ ತೆಗೆಯಿತೋ, ಇಂದಿಗೂ ನನಗೆ ಗೊತ್ತಿಲ್ಲ. ನನ್ನ ಮಾತಿನ ಮೇಲೆ ಆಕೆ ಕುಡಿದಳು.